ಹಾಸಿಗೆ ಅಜ್ಜಿಯ ಗುಮಾಸ್ತ

ಗೂಢಚಾರನನ್ನು ಕಳಿಸುವ ಮೊದಲು ಶತ್ರುವಿಗೇ ಫೋನ್ ಮಾಡಿ ಅಪ್ಪಣೆ ಕೇಳುವ ಹೆಂಗಸು ಈ ಮೈಸೂರಿನಲ್ಲಿ ಒಬ್ಬಳೇ ಇದ್ದಾಳೆ. ಅವಳು ನನ್ನ ನಾದಿನಿ. ಮಕ್ಕಳೇ, ನೀವು 'ಹಾಸಿಗೆ ಅಜ್ಜಿ' ಎನ್ನುತ್ತೀರಲ್ಲ, ನಿಮ್ಮ ತಾತನ ತಂಗಿ, ಅವಳೇ! ಹೆಸರು ಬರೆದರೆ "ನನ್ನೇನು ಅಂಗಡಿ ಬೋರ್ಡ್ ಮಾಡ್ಬುಟ್ರಾ ಅತ್ಗೆ?" ಎಂದು ಜಗಳಕ್ಕೆ ಬರುತ್ತಾಳೆ. ಆದ್ದರಿಂದ ಬರೆಯುವುದಿಲ್ಲ.

ಮಂಡಿ ಮೊಹಲ್ಲಾದಲ್ಲಿ ಅವಳದು ಬೂರುಗದ ಹತ್ತಿಯ ಹಾಸಿಗೆ ಅಂಗಡಿ. ಮಧ್ಯಾಹ್ನ ನೀವೆಲ್ಲ ಶಾಲೆಯಲ್ಲಿರುವಾಗ ನಾನು ಬೋಗಾದಿಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತೇನೆ. ಗಿರಾಕಿಗಳ ಕಣ್ಣಿಗೆ ಬೀಳದಂತೆ ಹತ್ತಿಯ ಮೂಟೆಗಳ ಹಿಂದೆ ಕೂತು ದಿಂಬಿನ ಗಲೀಪು ಹೊಲಿಯುತ್ತೇನೆ. ಹಳ್ಳಿಯ ಶಾಲೆಯಲ್ಲಿ ಕಡೆಯ ಸಾಲಿನಲ್ಲಿ ಕೂತು ಕಲಿತ ಅಭ್ಯಾಸ. ಹೊಸಬರನ್ನು ಕಂಡರೆ ಈಗಲೂ ಮೂಲೆ ಹುಡುಕುತ್ತೇನೆ.

ನಿಮ್ಮ ತಾತ ತೀರಿಕೊಂಡಾಗ, ನಮ್ಮಲ್ಲಿನ ಪದ್ಧತಿಯಂತೆ ಅವರ ಹಾಸಿಗೆಯನ್ನು ಮನೆಯಿಂದ ಹೊರಗೆ ಹಾಕಿದರು. ಅಂದಿನಿಂದ ಮಂಚ ಬರಿದು, ನಾನು ಅದರ ಪಕ್ಕ ಚಾಪೆಯ ಮೇಲೆ. "ಸೊಂಟಕ್ಕೆ ನೆಲ ಒಳ್ಳೆಯದು" ಎಂದೆ. ನೀವು ನಂಬಿದಿರಿ. ನಿಮ್ಮಪ್ಪ ನಂಬಿದ. ನಾದಿನಿ ನಂಬುತ್ತಾಳೆಯೇ?

"ಊರಿಗೆಲ್ಲ ಹಾಸಿಗೆ ಹೊಲ್ಕೊಡೋಳ ಅತ್ಗೆ ನೆಲದ ಮೇಲೆ ಮಲಗ್ತಾರೆ ಅಂದ್ರೆ, ನಾನು ಅಂಗಡಿ ಬಾಗ್ಲು ಎಂಗೆ ತೆಗೀಲಿ? ಒಂದು ಹೊಲ್ಕೊಡ್ತೀನಿ, ಹೂಂ ಅನ್ನಿ!"

ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ಅವಳಿಗೆ ನನ್ನನ್ನು ಮಂಚ ಹತ್ತಿಸುವ ಹಟ, ನನಗೆ ಬೇಡವೆನ್ನುವ ಹಟ. ಅವಳ ಹಟದ ಮುಂದೆ ಇಷ್ಟು ದಿನ ನಿಂತವಳು ನಾನೊಬ್ಬಳೇ ಇರಬೇಕು!

ಈ ನಡುವೆ ಅಂಗಡಿಗೆ ಗುಮಾಸ್ತ ಬಂದ. ಸ್ಪಂಜಿನ ಹಾಸಿಗೆ ಮಾರುವ ಆನ್‌ಲೈನ್ ಕಂಪನಿಗಳಿಂದ ವ್ಯಾಪಾರ ಇಳಿಯಿತೆಂದು ಅವಳ ಮಗಳು ಫೋನಿನಲ್ಲಿ ಒಂದು ಎಐ ಏಜೆಂಟ್ ಹಾಕಿಕೊಟ್ಟಳು. ಜಾಹೀರಾತು ಒತ್ತಿದರೆ ಒಂದು ಪುಟ ತೆರೆದುಕೊಳ್ಳುತ್ತದಲ್ಲ, ಅದಕ್ಕೆ ಲ್ಯಾಂಡಿಂಗ್ ಪೇಜ್ ಎನ್ನುತ್ತಾರಂತೆ. ಆ ಪುಟದ ವಿಳಾಸ ಕೊಟ್ಟರೆ ಸಾಕು, ಇದು ಹೋಗಿ ಓದಿಕೊಂಡು ಬಂದು ಕನ್ನಡದಲ್ಲಿ ಒಪ್ಪಿಸುತ್ತದೆ: ಮೇಲಿನ ಸಾಲು ಏನು, ಯಾರಿಗಾಗಿ, ಏನು ಕೊಡುತ್ತಾರೆ, ಬೆಲೆ ಎಷ್ಟು, ಕೊನೆಯಲ್ಲಿ ಒತ್ತಬೇಕಾದ ಗುಂಡಿಯ ಮೇಲೆ ಏನು ಬರೆದಿದೆ.

ನಾದಿನಿಗೆ ಇದು ಯಂತ್ರವೆಂದು ಯಾರು ಹೇಳಬೇಕು? "ಬಿಸಿಲಲ್ಲಿ ಹೋಗ್ತಿದ್ದೀಯ, ನಿಧಾನ ಕಣಪ್ಪ" ಎಂದು ಬೀಳ್ಕೊಡುತ್ತಾಳೆ!

ಆದರೆ ಮೊದಲ ದಿನವೇ ಒಂದು ಧರ್ಮಸಂಕಟ ಎದ್ದಿತು. ಮಂಡಿಯಲ್ಲಿ ಪಕ್ಕದ ಅಂಗಡಿಗೆ ಹೇಳದೆ ಕೇಳದೆ ಹೋಗಿ ದರ ವಿಚಾರಿಸುವುದು ಮರ್ಯಾದಸ್ಥರ ಲಕ್ಷಣವಲ್ಲ. ಅವಳು ನೇರವಾಗಿ ಸ್ಪಂಜಿನ ಕಂಪನಿಗೇ ಫೋನ್ ಮಾಡಿದಳು.

"ನಮಸ್ಕಾರಮ್ಮ. ನಾವೂ ಹಾಸಿಗೆ ಯಾಪಾರದೋರೇ. ನಿಮ್ಮ ಪುಟ ನೋಡ್ಕೊಂಡು ಬರೋಕೆ ನಮ್ಮ ಗುಮಾಸ್ತನ್ನ ಕಳಿಸ್ತಾ ಇದೀನಿ. ಒಳಗೆ ಬಿಟ್ಕೊಳ್ಳಿ."

"ಮೇಡಂ, ನಿಮ್ಮ ಆರ್ಡರ್ ನಂಬರ್ ಹೇಳಿ," ಎಂದಿತು ಆ ಕಡೆಯ ಹೆಣ್ಣುದನಿ.

"ಆರ್ಡರ್ ಅಲ್ಲಮ್ಮ, ಅಪ್ಪಣೆ ಬೇಕು. ಅಪ್ಪಣೆ!"

ಆ ಕಡೆ ಏನನ್ನೋ ಟೈಪ್ ಮಾಡುವ ಸದ್ದು. ಆಮೇಲೆ, "ಯಾವ ಸೈಜಲ್ಲಿ ಮೇಡಂ?"

ನಾನು ಮೂಟೆಯ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಗುಮಾಸ್ತ ಹೋಗಿ ಬಂದು ವರದಿ ಒಪ್ಪಿಸಿದ: ನೂರು ರಾತ್ರಿ ಮಲಗಿ ನೋಡಬಹುದು, ಹಿಡಿಸದಿದ್ದರೆ ವಾಪಸ್ ಕೊಡಬಹುದು.

"ನೂರು ರಾತ್ರಿ ಹೊರಳಾಡಿ ಬಿಟ್ಟ ಹಾಸಿಗೆನ ಆಮೇಲೆ ಯಾರಿಗಪ್ಪ ಮಾರ್ತಾರೆ?" ಎಂದು ಇವಳು ಕೇಳಿದಳು.

"ಆ ವಿಷಯ ಪುಟದಲ್ಲಿ ಹೇಳಿಲ್ಲ," ಎಂದ ಗುಮಾಸ್ತ.

ಆ ಒಂದು ಉತ್ತರಕ್ಕೆ ನಾದಿನಿ ಮಾರುಹೋದಳು. "ನೋಡಿದ್ರಾ ಅತ್ಗೆ? ಇಲ್ಲದ್ದನ್ನ ಇದೆ ಅನ್ನಲಿಲ್ಲ! ಇಂಥ ಗುಮಾಸ್ತ ಈ ಅಂಗಡಿ ಇಟ್ಟ ನಮ್ಮ ಮಾವನ ಕಾಲದಲ್ಲೂ ಸಿಕ್ಕಿರ್ಲಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ! ಮನುಷ್ಯರನ್ನೂ ಅವಳು ಪುಟದಂತೆಯೇ ಓದತೊಡಗಿದಳು. ಒಮ್ಮೆ ಅವಳು ನಮ್ಮ ಮನೆಯಲ್ಲಿದ್ದಾಗ ಸೈಟು ಮಾರುವವನೊಬ್ಬ ಬಂದ. ನಾನು ಕಾಫಿ ಕೊಟ್ಟು ಬಾಗಿಲ ಮರೆಗೆ ಸರಿದೆ. ಅವಳು ಎದುರಿಗೇ ಕೂತಳು.

"ಸೈಟು ಯಾರಿಗಾಗಿ?"

"ಎಲ್ಲರಿಗೂ ಅಮ್ಮ."

"ಎಲ್ಲರಿಗೂ ಅಂತ ಮಾಡಿದ್ದು ಯಾರ ಅಳತೆಗೂ ಕೂರಲ್ಲ ಕಣಪ್ಪ. ಹಾಸಿಗೆಯೋಳು ಹೇಳ್ತಿದೀನಿ. ಆಯ್ತು, ಏನು ಕೊಡ್ತೀಯ?"

"ಅಗಲವಾದ ರಸ್ತೆ, ಪಾರ್ಕು, ಕಾವೇರಿ ನೀರು..."

"ನೀರು ಬಂದಿದ್ಯಾ?"

"ಬರುತ್ತೆ ಅಮ್ಮ."

"ಹಂಗಾದ್ರೆ 'ಹೇಳಿಲ್ಲ' ಅಂತ ಬರ್ಕೋತೀನಿ. ಮುಂದಕ್ಕೆ?"

ಆತ ಅರ್ಧ ಕಾಫಿ ಬಿಟ್ಟು ಎದ್ದ. ಚಪ್ಪಲಿ ಮೆಟ್ಟಿಕೊಂಡವನು ತಿರುಗಿ ನಿಂತು, "ಅಮ್ಮ, ನಮ್ಮ ಆಫೀಸಿಗೆ ಕೆಲಸಕ್ಕೆ ಬರ್ತೀರಾ?" ಎಂದ.

ನಾದಿನಿ ಓದಿದ್ದು ನನ್ನಷ್ಟೇ, ಆದರೆ ಧೈರ್ಯ? ಅದನ್ನು ಮಾತ್ರ ಅವರ ಮನೆಯವರೆಲ್ಲರ ಪಾಲಿನದೂ ಸೇರಿಸಿ ದೇವರು ಇವಳೊಬ್ಬಳಿಗೇ ಕೊಟ್ಟುಬಿಟ್ಟ!

ಕಳೆದ ವಾರ ಅವಳ ಅಂಗಡಿಯದೇ ಒಂದು ಪುಟ ಸಿದ್ಧವಾಯಿತು. ಮಾತೆಲ್ಲ ಇವಳದು, ಕೂರಿಸಿಕೊಟ್ಟವಳು ಮಗಳು. ಪುಟ ಸರಿಯಾಗಿದೆಯೇ ಎಂದು ನೋಡಿಬರಲು ಗುಮಾಸ್ತನನ್ನೇ ಕಳಿಸಿದಳು. ಈ ಸಲ ಯಾರಿಗೂ ಫೋನ್ ಮಾಡಲಿಲ್ಲ. ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡಳು. ಫೋನನ್ನು ನನ್ನ ಮೂಟೆಯ ಮೇಲೆ ತಂದಿಟ್ಟು, "ಗಟ್ಟಿಯಾಗಿ ಓದಪ್ಪ" ಎಂದಳು.

ಗುಮಾಸ್ತ ಓದಿದ.

"ಮೇಲಿನ ಸಾಲು: ಮಂಚ ದೊಡ್ಡದಾಯಿತೇ? ಯಾರಿಗಾಗಿ: ಗಂಡ ಹೋದ ಮೇಲೆ ಮಂಚದಲ್ಲಿ ಜಾಗ ಹೆಚ್ಚಾಯಿತೆಂದು ಚಾಪೆಗೆ ಇಳಿದು, ಸೊಂಟದ ನೆಪ ಹೇಳುವವರಿಗೆ. ಕೊಡುವುದು: ಒಬ್ಬರ ಅಳತೆಯ ಬೂರುಗದ ಹತ್ತಿಯ ಹಾಸಿಗೆ, ಪಕ್ಕದ ಜಾಗ ಖಾಲಿ ಕಾಣದಂತೆ ಉದ್ದನೆಯ ಲೋಡುದಿಂಬು. ಬೆಲೆ: ಹೇಳಿಲ್ಲ. ಗುಂಡಿಯ ಮೇಲೆ ಬರೆದಿರುವುದು: ಹೂಂ ಅನ್ನಿ ಅತ್ತಿಗೆ."

ನಾನು ಸೂಜಿಯನ್ನು ಮೂಟೆಗೆ ಚುಚ್ಚಿಟ್ಟೆ. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಇವಳು ಯಾವಾಗ ಓದಿಕೊಂಡಳು?

ಗುಮಾಸ್ತ ಇನ್ನೂ ಮುಗಿಸಿರಲಿಲ್ಲ. "ಗಮನಿಸಿ: ಈ ಪುಟಕ್ಕೆ ಹೊಂದುವ ಗಿರಾಕಿಗಳು ಬಹಳ ಕಡಿಮೆ ಇರಬಹುದು."

"ಒಬ್ರೇ ಕಣಪ್ಪ," ಎಂದಳು ನಾದಿನಿ. "ಬೇರೆಯೋರಿಗೆ ಬೇರೆ ಪುಟ ಮಾಡುಸ್ತೀನಿ, ನೀನು ಸುಮ್ಕಿರು." ಆಮೇಲೆ ನನ್ನ ಕಡೆ ನೋಡದೆ, ಹತ್ತಿ ಹಿಂಜುತ್ತಲೇ ಕೇಳಿದಳು: "ಅತ್ಗೆ, ಅಣ್ಣ ಯಾವ ಕಡೆ ಮಲಗ್ತಿದ್ದ?"

"ಗೋಡೆ ಕಡೆ," ಎಂದೆ.

"ಸರಿ. ಲೋಡುದಿಂಬು ಗೋಡೆ ಕಡೆಗೇ ಇರ್ಲಿ."

ನಾನು ಸೆರಗಿಗೆ ಬೆರಳು ಒರೆಸಿಕೊಂಡು ಗುಂಡಿ ಒತ್ತಿದೆ.

'ಹಾಸಿಗೆಯನ್ನು ಎಲ್ಲಿಗೆ ತಲುಪಿಸಬೇಕು?' ಎಂದು ಪುಟ ಕೇಳಿತು. ನಾದಿನಿ ಮೂಗೊರೆಸಿಕೊಂಡು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಅದೊಂದು ನನಗೆ ಗೊತ್ತು ಬುಡಪ್ಪ."