ಡೈರಿ ಅತ್ತೆಯ ಹಾಲಿಲ್ಲದ ಕಾಫಿ

ನಮ್ಮ ಸೋದರತ್ತೆಗೆ ಪಿಸುಮಾತು ಬರುವುದಿಲ್ಲ. ಬರುವುದಿಲ್ಲ ಎಂದರೆ ಇಷ್ಟವಿಲ್ಲ ಎಂದಲ್ಲ. ಕೆಲವರಿಗೆ ಸೈಕಲ್ ಬರುವುದಿಲ್ಲವಲ್ಲ, ಹಾಗೆ! ಕಿವಿಯ ಹತ್ತಿರ ಬಾಯಿ ತಂದು, ಕೈ ಅಡ್ಡ ಹಿಡಿದು, ಕಣ್ಣು ಸಣ್ಣದು ಮಾಡಿ ಅವರು ಗುಟ್ಟು ಹೇಳಲು ಶುರುಮಾಡಿದರೆ, ಎದುರುಮನೆಯಾತ ಓಡುತ್ತಿರುವ ಮಗ್ಗ ನಿಲ್ಲಿಸಿ ಕಿಟಕಿಗೆ ಬಂದು, "ಹೌದಾ ಅಕ್ಕಾ?" ಎನ್ನುತ್ತಾನೆ. ವಿದ್ಯುತ್ ಮಗ್ಗದ ಸದ್ದು ಕೇಳಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇಂಥವರ ಮನೆಯಲ್ಲಿ ನನ್ನಂಥವಳ ವಾಸ. ನಾನೋ, ಹುಟ್ಟುಹಬ್ಬದ ದಿನ ಯಾರೂ ಶುಭಾಶಯ ಹೇಳದಿರಲಿ ಎಂದೇ ರಜೆ ಹಾಕುವವಳು! ದಾಬಸ್‌ಪೇಟೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ. ಕಂಪನಿಯ ಬಸ್ಸು ದೊಡ್ಡಬಳ್ಳಾಪುರದಿಂದ ಹೊರಟು ಅತ್ತೆಯ ಊರಿನ ಮುಂದೆಯೇ ಹಾದುಹೋಗುವುದರಿಂದ, "ಪಿಜಿಗೀಜಿ ಏನೂ ಬೇಡ, ಮಗು ನನ್ ಹತ್ರ ಇರ್ಲಿ" ಎಂದು ಅತ್ತೆ ಅಪ್ಪನಿಗೆ ಫೋನಿನಲ್ಲಿ ಹೇಳಿದರು. ಅಷ್ಟು ಹೇಳುವುದಕ್ಕೆ ಅವರಿಗೆ ಫೋನು ಬೇಕೇ ಇರಲಿಲ್ಲ.

ಅತ್ತೆಗೆ ಒಂದು ಹಸು ಇದೆ. ಹೆಸರು ಪುಟ್ಟಿ. ಕೊಟ್ಟಿಗೆಯ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತದೆ, ಅಂಥ ಪುಟ್ಟಿ! ಅದರ ಹಾಲನ್ನು ಅತ್ತೆ ದಿನಾ ಎರಡು ಹೊತ್ತು ಊರಿನ ಡೈರಿಗೆ ಹಾಕುತ್ತಾರೆ. ಡೈರಿಯ ಟೆಸ್ಟರ್ ಉಳಿದವರ ಹಾಲನ್ನು ಅನುಮಾನದಿಂದ ನೋಡಿದರೂ ಅತ್ತೆಯ ಕ್ಯಾನನ್ನು ಕಣ್ಣೆತ್ತಿಯೂ ನೋಡದೆ ಒಳಗೆ ಬಿಡುತ್ತಿದ್ದ. ಊರಿನಲ್ಲಿ ಅತ್ತೆಗೆ ಇದ್ದ ದೊಡ್ಡ ಆಸ್ತಿ ಆ ನಂಬಿಕೆಯೇ.

ಹೀಗಿರುವಾಗ ದೊಡ್ಡಬಳ್ಳಾಪುರದ ಡಾಕ್ಟರು, ನನಗೆ ಹಾಲು ಜೀರ್ಣವಾಗುವುದಿಲ್ಲ, ಹಾಲು ಬೆರೆತ ಏನನ್ನೂ ಮುಟ್ಟಬೇಡಿ ಎಂದುಬಿಟ್ಟರು. ನನ್ನ ಹೊಟ್ಟೆಯ ಸಮಾಚಾರ ಮಗ್ಗದವನಿಂದ ಹಿಡಿದು ಊರಿಗೆಲ್ಲ ತಿಳಿಯುವುದನ್ನು ನೆನೆದೇ ನನಗೆ ಬೆವರಿತು. ಆದರೆ ಸಂಜೆಯ ಕಾಫಿಯನ್ನು ಎಷ್ಟು ದಿನ ನೆಪ ಹೇಳಿ ತಪ್ಪಿಸಿಕೊಳ್ಳುವುದು? ಬಾಗಿಲು ಹಾಕಿ, ಮಿಕ್ಸಿ ಹಚ್ಚಿ, ಅದರ ಸದ್ದಿನ ಮರೆಯಲ್ಲಿ ಹೇಳಿದೆ.

"ಯಾರಿಗೂ ಹೇಳಬಾರದು ಅತ್ತೆ. ಯಾರಿಗೂ ಅಂದ್ರೆ ಯಾರಿಗೂ."

"ಪುಟ್ಟಿ ಆಣೆ ಕಣೆ, ಹೇಳಲ್ಲ!" ಎಂದು ಕೂಗಿದರು ಅತ್ತೆ. ಆಮೇಲೆ ಮಿಕ್ಸಿ ಆರಿಸಿ, "ನನ್ ಮನೇಲಿ ಇದ್ಕೊಂಡು ನೀನು ಕಾಫಿ ಇಲ್ದೆ ಬಾಯಿ ಒಣಗಿಸ್ಕೊಂಡು ಕೂತ್ಕೋತೀಯಾ? ಹಾಲಿಲ್ದೆ ಕಾಫಿ ಆಗಲ್ವಾ? ಮಾಡೇ ತೀರ್ತೀನಿ" ಎಂದರು.

ಮಾಡೇ ತೀರ್ತೀನಿ ಎಂದು ಅತ್ತೆ ಹೇಳಿದರೆ ಸುತ್ತಲಿನವರು ಎರಡು ಹೆಜ್ಜೆ ಹಿಂದೆ ಸರಿಯುವುದು ಒಳ್ಳೆಯದು.

ಮೊದಲ ಕೆಲಸವಾಗಿ ಅಡುಗೆಮನೆಯಿಂದ ಕೊಟ್ಟಿಗೆಗೆ ಕಾಣುವ ಕಿಟಕಿ ಮುಚ್ಚಿದರು. ಯಾಕೆಂದು ಕೇಳಿದೆ.

"ಪುಟ್ಟಿ ನೋಡಿದ್ರೆ ಬೇಜಾರು ಮಾಡ್ಕೊಳ್ಳಲ್ವಾ? ಅವಳ ಹಾಲು ಬಿಟ್ಟು ಬೇರೆ ಹುಡುಕ್ತಿದೀವಿ ಅಂತ!"

ಕಿಟಕಿಯಾಚೆ ಪುಟ್ಟಿ ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದಳು.

ಮೊದಲು ತೆಂಗಿನಕಾಯಿಯ ಹಾಲು ಹಿಂಡಿದರು. ಏಲಕ್ಕಿ ಹಾಕಬೇಡಿ ಎಂದರೂ ಕೈ ಕೇಳಲಿಲ್ಲವಂತೆ, ಬಿತ್ತಂತೆ. ಒಂದು ಗುಟುಕು ಕುಡಿದು, "ಶಾವಿಗೆ ಎಲ್ಲಿ ಅತ್ತೆ?" ಎಂದೆ. ಅವರು ನಗಲಿಲ್ಲ. ಮರುದಿನ ರಾಗಿ ನೆನೆಸಿ, ರುಬ್ಬಿ, ಸೋಸಿ, ಒಲೆಯ ಮೇಲಿಟ್ಟು ಡಿಕಾಕ್ಷನ್ ಸುರಿದರು. ರಾಗಿಯ ಹಾಲು ಕಾದರೆ ಏನಾಗುತ್ತದೆಂದು ರಾಗಿ ತಿಂದೇ ಬೆಳೆದವರಿಗೆ ನಾನು ಹೇಳಿಕೊಡಬೇಕೆ? ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಕಾಫಿ ತಟ್ಟೆಯಲ್ಲಿ ಹಾಲುಬಾಯಿಯಂತೆ ಗಟ್ಟಿಯಾಗಿ ಕೂತಿತ್ತು. ಅತ್ತೆ ಚಾಕು ಹಿಡಿದು, ಒಂದಿಷ್ಟೂ ಅಳುಕದೆ ಕೇಳಿದರು: "ಕಾಫಿ ಒಂದು ತುಂಡು ಕೊಡ್ಲಾ, ಎರಡು ಕೊಡ್ಲಾ?"

ಮೂರನೆಯದು ಕಡಲೆಬೀಜ. ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಬಿಳಿ ಬಟ್ಟೆಯಲ್ಲಿ ಹಿಂಡಿದಾಗ ಪಾತ್ರೆಯೊಳಗೆ ಹಾಲೇ ನಿಂತಂತಿತ್ತು. ಅದಕ್ಕೆ ಬಿಸಿ ಡಿಕಾಕ್ಷನ್ ಬಿದ್ದದ್ದೇ ತಡ, ಪೂರಾ ಒಡೆದು ಚೂರುಚೂರಾಯಿತು. ಅತ್ತೆ ಪಾತ್ರೆಯ ಮುಂದೆ ಕುಸಿದು ಕೂತರು. ಅವರ ಮನೆಯಲ್ಲಿ ಹಾಲು ಒಡೆಯುವುದೆಂದರೇನು!

"ಅದು ಹಾಲಲ್ಲವಲ್ಲ ಅತ್ತೆ" ಎಂದು ಸಮಾಧಾನ ಹೇಳಿದೆ.

"ಬೆಳ್ಳಗಿತ್ತಲ್ಲೇ!" ಎಂದರು ದುಃಖದಿಂದ.

ನಾನು ಲ್ಯಾಬಿನವಳು, ಬಿಸಿಗೆ ಒಡೆಯುವುದು ತಣ್ಣಗಿದ್ದರೆ ಒಡೆಯದೇನೋ ಎಂದೆ. ಅತ್ತೆಗೆ ಅಷ್ಟೇ ಸಾಕಾಯಿತು. ಕಡಲೆಬೀಜವನ್ನು ಹಸಿವಾಸನೆ ಹೋಗುವಷ್ಟು ಹುರಿದು ನೆನೆಹಾಕಿದರು. ಗಟ್ಟಿ ಡಿಕಾಕ್ಷನ್ ಇಳಿಸಿ, ಬಿಸಿಯಿರುವಾಗಲೇ ಬೆಲ್ಲ ಕರಗಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟರು. ಐಸ್ ಟ್ರೇ ಎಲ್ಲಿಯೋ ಕಳೆದುಹೋಗಿದ್ದರಿಂದ ನನ್ನ ಟಿಫನ್ ಡಬ್ಬಿಯಲ್ಲೇ ನೀರು ಹೆಪ್ಪುಗಟ್ಟಿಸಿ, ಆ ಇಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ ಗುಂಡುಕಲ್ಲಿನಿಂದ ಕುಟ್ಟಿದರು. ಎದುರುಮನೆಯಾತ ಮಗ್ಗ ನಿಲ್ಲಿಸಿ, "ಏನಕ್ಕಾ, ಮನೆ ಒಡೀತಿದೀರಾ?" ಎಂದ. ಅತ್ತೆ ಬಾಯಿ ತೆರೆದರು, ನನ್ನ ಮುಖ ನೋಡಿದರು, ಮುಚ್ಚಿಕೊಂಡರು.

ಲೋಟದಲ್ಲಿ ಐಸು, ಅದರ ಮೇಲೆ ಡಿಕಾಕ್ಷನ್ನು, ಅದರ ಮೇಲೆ ಕಡಲೆಬೀಜದ ಹಾಲು, ಒಂದು ಚಿಟಿಕೆ ಉಪ್ಪು. ಒಡೆಯಲಿಲ್ಲ! ಕುಡಿದೆ. ತಣ್ಣಗೆ, ಕಹಿಸಿಹಿಯಾಗಿ, ಹುರಿದ ಘಮದೊಂದಿಗೆ ಇಳಿಯಿತು. ಎರಡನೆಯ ಲೋಟವನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಅತ್ತೆ ನಿಲ್ಲಿಸುತ್ತಾರೆಯೇ?

"ಇದ್ರಲ್ಲಿ ಸತ್ವ ಇದ್ಯೋ ಇಲ್ವೋ ಗೊತ್ತಾಗ್ಬೇಕಲ್ಲ! ಬರೀ ಬಿಳಿ ನೀರು ಕುಡಿಸಿ ನೀನು ಸೊರಗಿದ್ರೆ ನಿಮ್ಮಪ್ಪಂಗೆ ಏನು ಹೇಳ್ಲಿ?" ಎಂದು ಚಿಂತಿಸಿದರು. ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ, ಕಡಲೆಬೀಜದ ಹಾಲನ್ನು ಒಂದು ಚೊಂಬಿನಲ್ಲಿ ತುಂಬಿಕೊಂಡು, ಫ್ಯಾಟ್ ಎಷ್ಟಿದೆ ನೋಡಿಸಲು ನೆಟ್ಟಗೆ ಡೈರಿಯ ಯಂತ್ರದ ಮುಂದೆ ನಿಂತರಂತೆ!

ಇದು ನನಗೆ ತಿಳಿದದ್ದು ಭಾನುವಾರ. ಅಂದು ಬೆಳಿಗ್ಗೆ ಕ್ಯಾನು ಹಿಡಿದುಕೊಳ್ಳಲು ಹೋದರೆ, "ನೀನು ಬರ್ಬೇಡ, ಮನೇಲಿರು" ಎಂದು ಅತ್ತೆ ಗದರಿದರು. ಹೊರಟವರು ಕ್ಯಾನಿನ ಮುಚ್ಚಳವನ್ನೇ ಮರೆತಿದ್ದರು. ಅದನ್ನು ಹಿಡಿದು ಹಿಂದೆಯೇ ಹೋದೆ.

ಡೈರಿಯ ಮುಂದೆ ಸಾಲು. ಅತ್ತೆ ಸಾಲಿನಲ್ಲಿರಲಿಲ್ಲ, ಪಕ್ಕದ ಗೋಡೆಗೆ ಒರಗಿ, ಒಬ್ಬರೇ ನಿಂತಿದ್ದರು. ಟೆಸ್ಟರ್ ಅವರ ಕ್ಯಾನಿಗೆ ಮೂಗಿಟ್ಟು ಮೂಸುತ್ತಿದ್ದ. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಯಾಕಕ್ಕಾ, ಪುಟ್ಟಿಗೆ ಕಡಲೆಬೀಜ ಹುರಿದು ತಿನ್ನಿಸ್ತೀಯೇನು?" ಎಂದಳು. ಉಳಿದವರು ನಕ್ಕರು.

ಡೈರಿಯ ಸೆಕ್ರೆಟರಿ ಹೊರಗೆ ಬಂದರು. "ನೋಡಕ್ಕಾ, ಆವತ್ತು ಚೊಂಬಲ್ಲಿ ತಂದಿದ್ದು ಏನಕ್ಕೆ ಅಂತ ಒಂದ್ಮಾತು ಹೇಳ್ಬಿಡಿ, ಮುಗೀತು. ಪುಟ್ಟಿ ಹಾಲಿಗೆ ಬೆರೆಸ್ತಿದೀರಾ ಅಂತ ಜನ ಆಡ್ಕೋತಿದಾರೆ. ಹೇಳ್ಲಿಲ್ಲ ಅಂದ್ರೆ ನಾಳೆಯಿಂದ ನಾನು ನಿಮ್ಮ ಹಾಲು ತಗೊಳಕ್ಕಾಗಲ್ಲ."

"ಬೆರೆಸಿಲ್ಲ."

"ಮತ್ತೆ ಯಾಕೆ ತಂದ್ರಿ?"

ಊರಿನ ಎಲ್ಲ ಸುದ್ದಿಗೂ ಬಾಯಾದ ನಮ್ಮತ್ತೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನೆಲ ನೋಡುತ್ತಾ ಹೇಳಿದರು: "ಅದೊಂದು ಮಾತ್ರ ಹೇಳಕ್ಕಾಗಲ್ಲಪ್ಪಾ."

ನನಗೆ ಆಮೇಲೆ ಯೋಚಿಸಲು ಪುರುಸೊತ್ತಾಗಲಿಲ್ಲ.

"ಅದು ನನಗೆ!" ಎಂದೆ. ಇಡೀ ಸಾಲು ತಿರುಗಿತು. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ನನಗೆ ಹಾಲು ಜೀರ್ಣ ಆಗಲ್ಲ. ಕುಡಿದ್ರೆ ಹೊಟ್ಟೆ ಕೆಡುತ್ತೆ. ಅತ್ತೆ ನನಗೋಸ್ಕರ ಹಾಲಿಲ್ಲದ ಕಾಫಿ ಮಾಡ್ತಿದಾರೆ. ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದೆ."

ಯಾರೂ ನಗಲಿಲ್ಲ. ಆ ಹೆಂಗಸೇ, "ಅಯ್ಯೋ, ನಮ್ಮ ಸೊಸೆಗೂ ಹಂಗೇ ಕಣಮ್ಮಾ! ಆ ಕಾಫಿ ಹೆಂಗ್ ಮಾಡ್ತಾರೆ?" ಎಂದಳು. ಟೆಸ್ಟರ್ ಅತ್ತೆಯ ಕ್ಯಾನನ್ನು ಒಳಗೆ ಒಯ್ದ. ಅತ್ತೆ ಮಾತ್ರ ನನ್ನ ಮೇಲೆ ಉರಿದುಬಿದ್ದರು: "ಗುಟ್ಟು ಗುಟ್ಟು ಅಂದ್ಬಿಟ್ಟು, ನೀನೇ ಡೈರಿ ಮುಂದೆ ಕೂಗ್ತೀಯಲ್ಲೇ! ಮಾನ ಮರ್ಯಾದೆ ಇಲ್ವಾ?"

ಖಾಲಿ ಕ್ಯಾನು ಹಿಡಿದು ಇಬ್ಬರೂ ಹಿಂದಿರುಗಿದೆವು. ಮನೆಯ ಹತ್ತಿರ ಬಂದಾಗ ಕೇಳಿದೆ, "ನಿಜವಾಗ್ಲೂ ಒಬ್ಬರಿಗೂ ಹೇಳಿರಲಿಲ್ವಾ ಅತ್ತೆ?"

ಅತ್ತೆ ನಿಂತರು. ಆಚೀಚೆ ನೋಡಿದರು. ನನ್ನ ಕಿವಿಯ ಹತ್ತಿರ ಬಾಯಿ ತಂದು, ಕೈ ಅಡ್ಡ ಹಿಡಿದು ಹೇಳಿದರು:

"ಪುಟ್ಟಿಗೆ ಹೇಳ್ದೆ ಕಣೆ. ತಡ್ಕೊಳಕ್ಕಾಗ್ಲಿಲ್ಲ. ನಿನ್ ಹಾಲು ಬೇಡ ಅಂತಲ್ಲ ಕಣವ್ವಾ, ನಮ್ ಮಗೀಗೆ ಆಗಲ್ಲ, ಬೇಜಾರು ಮಾಡ್ಕೋಬೇಡ ಅಂದೆ. ಅವಳು ಯಾರಿಗೂ ಹೇಳಲ್ಲ."

ಎದುರುಮನೆಯ ಮಗ್ಗ ಓಡುತ್ತಲೇ ಇತ್ತು.