ಲ್ಯಾಪ್‌ಟಾಪಿಗೆ ಕಟ್ಟಿಸಿದ ಹಲ್ಲು

ಮೊದಲೇ ಹೇಳಿಬಿಡುತ್ತೇನೆ, ಬಟ್ಟೆ ಕೊಡವಿದ್ದು ನನ್ನ ತಪ್ಪಲ್ಲ. ಕಣ್ಣಿಗೆ ಬಿದ್ದ ಬಟ್ಟೆಯನ್ನು ಕೊಡವುವುದು ನನಗೆ ಉಸಿರಾಡಿದ ಹಾಗೆ. (ಪುಟ್ಟಿ, ಈ ಮಾತು ಮೊದಲಿಗೇ ಬರಲಿ. ತಾತ ಹೇಳಿದರು ಅಂತ ಬದಲಾಯಿಸಬೇಡ.)

ಎಲ್ಲ ಶುರುವಾದದ್ದು ನಮ್ಮಕ್ಕನ ಕಣ್ಣಿನಿಂದ. ಆಪರೇಷನ್ ಆಗಿ, ಒಂದು ತಿಂಗಳು ಓದುವ ಹಾಗಿಲ್ಲ, ಟಿವಿ ನೋಡುವ ಹಾಗಿಲ್ಲ ಅಂತ ಡಾಕ್ಟರ ಕಟ್ಟಪ್ಪಣೆಯಾಯಿತು. ದಿನಕ್ಕೆ ಮೂರು ಪೇಪರ್ ಓದುವ ಹೆಂಗಸು! ಗೋಡೆ ಕಡೆ ತಿರುಗಿ ಮಲಗಿಬಿಟ್ಟಳಂತೆ. ಊಟಕ್ಕೂ ಏಳಲೊಲ್ಲಳಂತೆ. ನಾನು ಸುಮ್ಮನಿರುತ್ತೇನೆಯೇ? ಲ್ಯಾಪ್‌ಟಾಪಿನ ಮುಂದೆ ಕೂತು ನಮ್ಮ ಚಿಕ್ಕಂದಿನ ಕಥೆಗಳನ್ನು ಹೇಳಿ ರೆಕಾರ್ಡ್ ಮಾಡತೊಡಗಿದೆ. ಭಾನುವಾರ ಬಂದರೆ ಮೊಮ್ಮಗಳು ಪುಟ್ಟಿ (ಈಗ ಟೈಪ್ ಮಾಡುತ್ತಿರುವವಳೂ ಅವಳೇ) ಅದನ್ನು ಪೆನ್‌ಡ್ರೈವಿಗೆ ತುಂಬಿ ಅಕ್ಕನ ಮನೆಗೆ ಮುಟ್ಟಿಸುತ್ತಿದ್ದಳು. ಅಕ್ಕ ಎದ್ದು ಕೂತಳು, ನಕ್ಕಳು, ಎರಡನೇ ಸಲ ಬಡಿಸಿಕೊಂಡಳು ಅಂತ ಸುದ್ದಿ ಬಂತು. ನನ್ನ ವಾಗ್ಝರಿಯ ಪ್ರಭಾವ!

ಮೂರನೇ ಶನಿವಾರ ನನ್ನ ಮಹಾಕೃತಿಯ ಸರದಿ. ಏಳನೇ ವಯಸ್ಸಿನಲ್ಲಿ ನಾನು ನೀರಿನ ತೊಟ್ಟಿಗೆ ಬಿದ್ದು, ಒಬ್ಬಳೇ ಎದ್ದು ಬಂದ ಕಥೆ. ಗಂಟಲು ಸರಿಮಾಡಿಕೊಂಡು ಕೂತರೆ, ಲ್ಯಾಪ್‌ಟಾಪು ಜಾಗವಿಲ್ಲ ಅಂದುಬಿಟ್ಟಿತು.

"ಹಳೇದೆಲ್ಲ ಅಳಿಸಿಬಿಡ್ಲಾ ಅಜ್ಜಿ?" ಅಂದಳು ಪುಟ್ಟಿ.

"ನನ್ನ ಮಾತು ಅಳಿಸೋಕೆ ಬಂದ್ಯಾ? ನಿಮ್ಮ ತಾತನ ಫೋಟೋ ಅಳಿಸು. ಬರೀ ಗಡಿಯಾರದ ಫೋಟೋಗಳು. ಎಲ್ಲದರಲ್ಲೂ ಹತ್ತೂ ಹತ್ತೇ ಆಗಿರುತ್ತೆ."

ನಮ್ಮವರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಪುಟ್ಟಿ ಹಲ್ಲಿನ ಡಾಕ್ಟರು. ಹಾಗಾಗಿ ಅವಳು ವಿಷಯವನ್ನು ಹಲ್ಲಿನ ಭಾಷೆಯಲ್ಲೇ ತಿಳಿಸಿದಳು. "ಸಿಡಿ ಹಾಕೋ ಜಾಗ ಇದೆಯಲ್ಲ, ಅದನ್ನ ಯಾರೂ ಉಪಯೋಗಿಸ್ತಿಲ್ಲ. ಆ ಹಲ್ಲು ಕಿತ್ತು, ಸಂದಿಗೆ ಇನ್ನೊಂದು ಹಾರ್ಡ್ ಡಿಸ್ಕ್ ಕಟ್ಟಿದ್ರಾಯ್ತು. ಒಂದೇ ಸ್ಕ್ರೂ ಬಿಚ್ಚಿದ್ರೆ ಸಾಕು." ಹೋಗಿ ಡಿಸ್ಕು, ಅದು ಕೂರುವ ತಟ್ಟೆ ಎರಡನ್ನೂ ತಂದಳು.

ಬರುವಷ್ಟರಲ್ಲಿ ನಮ್ಮವರು ಹನ್ನೆರಡು ಸ್ಕ್ರೂ ಬಿಚ್ಚಿದ್ದರು.

"ಒಂದೇ ಸಾಕು ಅಂದಿದ್ನಲ್ಲ ತಾತ!"

"ಒಳಗೆ ಏನಿದೆ ಅಂತ ನೋಡದೆ ಕೈಹಾಕೋಕೆ ನಾನೇನು ಹಲ್ಲಿನ ಡಾಕ್ಟ್ರಾ?"

ಅವರ ಪದ್ಧತಿಯೇ ಹಾಗೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಗಡಿಯಾರದ ಅಂಕಿಗಳ ಹಾಗೆ ದುಂಡಗೆ ಜೋಡಿಸುತ್ತಾರೆ. ಒಂದು ಗಂಟೆಯ ಸ್ಕ್ರೂ ಒಂದನೇ ತೂತಿಗೆ, ಎರಡು ಗಂಟೆಯದು ಎರಡನೆಯದಕ್ಕೆ. ನೋಡಲು ಚೆಂದವೇ. ಆಮೇಲೆ ಇಬ್ಬರೂ ದೊಡ್ಡ ಬೆಳಕು ತರಲು ಒಳಗೆ ಹೋದರು. ನಾನು ಬಂದೆ. ಮೇಜಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಕಸ. ಕೊಡವಿದೆ.

"ಅಯ್ಯೋ, ನನ್ನ ಗಡಿಯಾರ!" ಅಂತ ಇವರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

"ಕಸ ಅಂದ್ಕೊಂಡೆ ರೀ."

"ಕಸ ಯಾವತ್ತಾದ್ರೂ ದುಂಡಗೆ ಕೂತಿರುತ್ತೇನೇ?"

ಪುಟ್ಟಿ ಹಣೆಗೆ ಲೈಟು ಕಟ್ಟಿ, ಬಾಯಿ ನೋಡುವ ಪುಟ್ಟ ಕನ್ನಡಿ ಹಿಡಿದು, ಸೋಫಾದ ಕೆಳಗೆ ಹೊಟ್ಟೆ ಮೇಲೆ ಮಲಗಿದಳು. ಹನ್ನೊಂದು ಸಿಕ್ಕವು. ಎಲ್ಲಕ್ಕಿಂತ ಗಿಡ್ಡದಾದ ಏಳು ಗಂಟೆ ಮಾತ್ರ ನಾಪತ್ತೆ. ಒಂದೂವರೆ ತಾಸು ಮೂವರೂ ಮನೆಯೆಲ್ಲ ಜಾಲಾಡಿದೆವು. ಕೊನೆಗೆ ನೋಡಿದರೆ ಅದು ನನ್ನ ಚಪ್ಪಲಿಯ ಅಡಿಗೆ ಕಚ್ಚಿಕೊಂಡು, ನನ್ನ ಜೊತೆಯಲ್ಲೇ ತನ್ನನ್ನು ತಾನು ಹುಡುಕುತ್ತಾ ತಿರುಗುತ್ತಿತ್ತು!

ಹಳೆಯ ಹಲ್ಲು ಕಿತ್ತು, ಹೊಸದು ಕೂರಿಸಿದ್ದಾಯಿತು. ಲ್ಯಾಪ್‌ಟಾಪು ಆನ್ ಮಾಡಿದರೆ ಹೊಸ ಡಿಸ್ಕಿನ ಸುಳಿವೇ ಇಲ್ಲ. ನಾಳೆ ಭಾನುವಾರ. ಕಥೆ ಹೋಗದಿದ್ದರೆ ಅಕ್ಕ ಮತ್ತೆ ಗೋಡೆ ಕಡೆ ತಿರುಗಿಕೊಳ್ಳುತ್ತಾಳೆ.

"ಗಾಬರಿಯಾಗ್ಬೇಡ ಅಜ್ಜಿ. ಹೊಸ ನೋಟ್‌ಬುಕ್ಕಿಗೆ ಗೆರೆ ಹಾಕೋ ಹಾಗೆ, ಇದನ್ನೂ ಮೊದಲು ಫಾರ್ಮ್ಯಾಟ್ ಮಾಡ್ಬೇಕು," ಅಂತ ಪುಟ್ಟಿ ಏನೇನೋ ಒತ್ತಿದಳು. ಬಂತು! ಬೃಹತ್ತಾದ, ಖಾಲಿ ಡಿಸ್ಕು. ಹೊಸ ಮನೆಯ ಬಾಗಿಲು ತೆಗೆದಷ್ಟು ಖುಷಿಯಾಯಿತು ನನಗೆ.

ನನ್ನ ಕಥೆಗಳನ್ನು ಅಲ್ಲಿಗೆ ಸಾಗಿಸುತ್ತಾ ಪುಟ್ಟಿ ತಟ್ಟನೆ ನಿಂತಳು. "ಅಜ್ಜಿ, ಈ ಕಥೆ ಒಂಬತ್ತು ಗಂಟೆ ಇದೆ."

"ಕಾಲು ಗಂಟೆ ಹೇಳಿದ್ದೆ ಅಷ್ಟೇ ಕಣೇ."

ತೆರೆದು ನೋಡಿದೆವು. ವಿಡಿಯೋ. ಕಾಲು ಗಂಟೆ ನಾನು. ಮಿಕ್ಕದ್ದೆಲ್ಲ ಖಾಲಿ ಕುರ್ಚಿ! ನಾನು ಯಾವತ್ತೂ ನಿಲ್ಲಿಸುವ ಗುಂಡಿ ಒತ್ತಿಯೇ ಇರಲಿಲ್ಲ. ಕುರ್ಚಿಯ ಹಿಂದಿನಿಂದ ನನ್ನ ದನಿ: "ನಮ್ಮಕ್ಕ ಚಿಕ್ಕಂದಿನಿಂದ್ಲೂ ತಾನೇ ಸರಿ ಅನ್ನೋಳು ರೀ..." ಆಮೇಲೆ ಒದ್ದೆ ಟವಲಿನ ವಿಚಾರದಲ್ಲಿ ನಮ್ಮಿಬ್ಬರ ಜಗಳ. ಆಮೇಲೆ ಗೊರಕೆ. (ಅದು ಇವರದು. ಪುಟ್ಟಿ, ನಗಬೇಡ, ಇವರದೇ.)

"ಗಡಿಯಾರದ ಫೋಟೋ ಜಾಗ ತಿಂದ್ವಾ?" ಅಂದರು ನಮ್ಮವರು, ತುಂಬ ಮೃದುವಾಗಿ.

"ಇದನ್ನೆಲ್ಲ ಅಕ್ಕನಿಗೆ ಕಳಿಸಿದ್ಯೇನೇ?"

"ನಾನು ಕಾಪಿ ಮಾಡ್ತೀನಿ ಅಷ್ಟೇ ಅಜ್ಜಿ, ಕೇಳಲ್ಲ."

ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಪೂರ್ತಿ ಕೇಳಿದ್ಯಾ?"

"ಒಂದೊಂದು ಮಾತೂ. ತಾನೇ ಸರಿ ಅನ್ನೋಳು ಮಾತಾಡ್ತಿದ್ದೀನಿ."

"ತಪ್ಪಾಯ್ತು ಅಕ್ಕ. ನಾಳೆ ತೊಟ್ಟಿ ಕಥೆ ಕಳಿಸ್ತೀನಿ."

"ತೊಟ್ಟಿಗೆ ಬಿದ್ದವಳು ನಾನು ಕಣೇ! ನೀನು ಪಕ್ಕದಲ್ಲಿ ನಿಂತು ಅಳ್ತಿದ್ದೆ. ನಿನ್ನ ಕಥೆ ಯಾರಿಗೆ ಬೇಕು, ನಾನೂ ಅದೇ ಮನೇಲಿ ಬೆಳೆದವಳಲ್ವಾ? ಅದು ಮುಗಿದ ಮೇಲೆ ನೀವಿಬ್ರೂ ಕಿತ್ತಾಡ್ತೀರಲ್ಲ, ಅದನ್ನ ಕೇಳ್ತಿದ್ರೆ ನಿಮ್ಮನೇಲೇ ಕೂತ ಹಾಗಿರುತ್ತೆ. ಟವಲ್ಲು ಏನಾಯ್ತು? ನಾಳೆ ಅದನ್ನ ಕಳಿಸು."

ಫೋನಿಟ್ಟು ಇವರ ಮುಂದೆ ನಿಂತೆ. "ರೀ, ಅಕ್ಕನಿಗೆ ಜಗಳ ಬೇಕಂತೆ. ಆ ಟವಲ್ಲು ನೀವೇ ಹಾಸಿಗೆ ಮೇಲೆ ಹಾಕಿದ್ದು."

"ಹೌದು ಕಣೇ. ನಂದೇ ತಪ್ಪು," ಅಂದರು.

ನಲವತ್ತೆಂಟು ವರ್ಷದ ಸಂಸಾರದಲ್ಲಿ ಒಂದು ದಿನವೂ ಒಪ್ಪದ ಮನುಷ್ಯ!

"ಇಷ್ಟು ವರ್ಷ ಒಪ್ಪದೆ, ಬೇಕಾದ ದಿನವೇ ಒಪ್ಕೋತೀರಲ್ಲ, ಬೇಕಂತ್ಲೇ ಅಲ್ವಾ?"

"ಒಪ್ಕೊಂಡ್ರೂ ತಪ್ಪೇನೇ?"

"ಒಪ್ಕೊಳ್ಳೋ ರೀತಿ ನೋಡಿದ್ರೆ ಗೊತ್ತಾಗುತ್ತೆ!"

ಪುಟ್ಟಿ ಸದ್ದಿಲ್ಲದೆ ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿ ರೆಕಾರ್ಡ್ ಗುಂಡಿ ಒತ್ತಿದ್ದಳಂತೆ. ಹೊಸ ಡಿಸ್ಕಿನಲ್ಲಿ ನೇರವಾಗಿ ರೆಕಾರ್ಡ್ ಆದ ಮೊದಲ ಫೈಲು ಅದೇ. ನಾಲ್ಕು ಗಂಟೆ ಇದೆ. ಅಕ್ಕ ಎರಡು ಸಲ ಕೇಳಿದಳಂತೆ, ಇವರದೇ ಸರಿ ಅಂದಳಂತೆ.