ನೆತ್ತಿಗಲ್ಲಿನ ಮೇಲಿನ ನೆಟ್‌ವರ್ಕ್

ನನಗೆ ಬರದ ಕೆಲಸಗಳು ಬಹಳ ಇವೆ. ಈಜು ಬರುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ, ಹೆಂಡತಿ ತವರಿಗೆ ಹೋದರೆ ರೊಟ್ಟಿ ಬಡಿಯಲು ಬರುವುದಿಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಬರದಿರುವುದೆಂದರೆ 'ನನಗೆ ಬರುವುದಿಲ್ಲ' ಎಂದು ಹೇಳುವುದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಕಲ್ಲಿನ ಗಣಿಗೆ ಇಳಿದವನು ನಾನು. ಯಾರ ಶಿಫಾರಸೂ ಇಲ್ಲದೆ, ಬರೀ ಬೆವರಿನ ಮೇಲೆ ಕೂಲಿಯಿಂದ ಮೇಸ್ತ್ರಿಯಾದೆ. ಕಲ್ಲನ್ನು ಒಮ್ಮೆ ನೋಡಿದರೆ ಸಾಕು, ಎಲ್ಲಿ ಬೆಣೆ ಇಟ್ಟರೆ ಎತ್ತ ಸೀಳುತ್ತದೆ ಎಂದು ಹೇಳಬಲ್ಲೆ. ಹೀಗಾಗಿ ಕಲ್ಲಲ್ಲದ ವಿಷಯ ಕೇಳಿದರೂ ಅದೇ ಧೈರ್ಯದಲ್ಲಿ ಹೇಳಿಬಿಡುತ್ತೇನೆ.

ನಮ್ಮ ಗಣಿ ಇರುವುದು ಮುಂಡರಗಿ ಕಡೆಯ ಒಂದು ಗುಡ್ಡದಲ್ಲಿ. ಅಗೆದು ಅಗೆದು ತಳ ಎಷ್ಟು ಆಳಕ್ಕೆ ಹೋಗಿದೆಯೆಂದರೆ, ಕೆಳಗಿಳಿದವನ ಮೊಬೈಲು ಅಲ್ಲಿಯ ಕಲ್ಲಿಗಿಂತ ಮೂಕ. ಮದ್ದು ಹಾರಿಸುವ ಮೊದಲು ಎಲ್ಲರೂ ಮೇಲೆ ಬಂದರೋ ಇಲ್ಲವೋ ಎಂದು ನಾನು ದಂಡೆಯ ಮೇಲೆ ನಿಂತು ಕೂಗಿ ಕೂಗಿ ಕೇಳಬೇಕು. ಗದಗಿನ ಕಚೇರಿಯಲ್ಲಿ ಕೂಡುವ ನಮ್ಮ ಸಾವ್ಕಾರರು ಒಂದು ದಿನ, "ಹಿಂಗಾದ್ರ ಯಾರರ ಸಾಯತಾರ. ಖಣಿಗೆ ನಮ್ಮದ ಒಂದು ನೆಟ್‌ವರ್ಕ್ ಹಾಕ್ಸೂಣು. ಯಾವುದು ಅನ್ನೂದು ನೀನ ಆರಸು ಮೇಸ್ತ್ರಿ. ಇದೊಂದು ಛಲೋ ಮಾಡಿದ್ರ, ಶಿರಹಟ್ಟಿ ಕಡಿ ಹೊಸಾ ಖಣಿ ಪೂರ್ತಿ ನಿನ್ನ ಕೈಯಾಗ" ಎಂದರು. ಅಂದಿನಿಂದ ನನಗೆ ಹೊಸ ಗಣಿಯದೇ ಧ್ಯಾನ. ಅಲ್ಲಿ ನಾನು ಕೂಡಬೇಕಾದ ಕುರ್ಚಿಯ ಬಣ್ಣವನ್ನೂ ಮನಸ್ಸಿನಲ್ಲೇ ಗೊತ್ತು ಮಾಡಿಬಿಟ್ಟೆ.

ನೆಟ್‌ವರ್ಕ್ ಕಂಪನಿಯಿಂದ ಒಬ್ಬ ಎಂಜಿನಿಯರ್ ಹುಡುಗಿ ಬಂದಳು. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಲ್ಯಾಪ್‌ಟಾಪು. "ಕಾಕಾ, ಫೈವ್‌ಜಿ ಭಾಳ ಜೋರ ಐತಿ, ಆದ್ರ ನಾವು ಕೊಡೂದು ದೂರ ಹೋಗಂಗಿಲ್ಲ, ಕಂಬ ಹೆಚ್ಚಿಗಿ ಬೇಕು. ಫೋರ್‌ಜಿ ಅಷ್ಟು ಜೋರಿಲ್ಲ, ಖರೆ ಒಂದ ಕಂಬಕ್ಕ ಇಡೀ ಖಣಿ ಮುಟ್ಟತೈತಿ. ಮುಂದ ಡ್ರೈವರ್ ಇಲ್ಲದ ಲಾರಿ ಓಡ್ಸೂದಿದ್ರ ಫೈವ್‌ಜಿ ನೋಡ್ರಿ" ಎಂದಳು. "ಡ್ರೈವರ್ ಇದ್ದಾಗನ ನಮ್ಮ ಲಾರಿ ನೆಟ್ಟಗ ಓಡಂಗಿಲ್ಲ ಬಿಡವ್ವಾ" ಎಂದೆ. ಯಳವತ್ತಿಯಲ್ಲಿ ನಮ್ಮ ಮಾವನವರ ಹತ್ತಿರ ಒಂದು ಹೋರಿ ಇತ್ತು. ಬಿಟ್ಟರೆ ಬಾಣ. ಆದರೆ ಹೊಲದ ಬದು ಬಂತೋ, ಗಕ್ಕನೆ ನಿಲ್ಲುತ್ತಿತ್ತು. ಅದರ ಜೋಡಿಯ ಮುದಿ ಎತ್ತು ಮಾತ್ರ ಆಮೆಯಂತೆ ನಡೆದೇ ಲಕ್ಷ್ಮೇಶ್ವರದ ಸಂತೆ ಮುಟ್ಟಿಸುತ್ತಿತ್ತು. ಆ ಎತ್ತನ್ನು ನೆನೆದು "ಫೋರ್‌ಜಿ" ಎಂದೆ. ಹುಡುಗಿ ಕಣ್ಣರಳಿಸಿ, "ಕಾಕಾ, ನಾನೂ ಅದನ್ನ ಹೇಳಾಕ ಬಂದಿದ್ದೆ" ಎಂದಳು. ನಾನು ಒಂದು ಗೇಣು ಉದ್ದವಾದೆ.

ಅಲ್ಲಿಗೇ ಬಾಯಿ ಮುಚ್ಚಿದ್ದರೆ ಆಗಿತ್ತು. "ಗಾಲಿ ಮ್ಯಾಲಿನ ಕಂಬ ತಗೋರಿ. ಖಣಿ ಸರದಂಗ ಕಂಬಾನೂ ಸರಸಬಹುದು" ಎಂದಳು ಅವಳು. ನಾನು ನಕ್ಕುಬಿಟ್ಟೆ. "ಕಂಬೇನು ಜಾತ್ರಿಗೆ ಹೊಂಟೈತೇನವ್ವಾ? ಆ ನೆತ್ತಿಗಲ್ಲಿನ ಮ್ಯಾಲ ನೆಡ್ರಿ. ಅಷ್ಟು ಗಟ್ಟಿ ಕಲ್ಲು ಈ ಸೀಮ್ಯಾಗ ಇನ್ನೊಂದಿಲ್ಲ" ಎಂದು ಗಣಿಯ ತಲೆಯ ಮೇಲಿದ್ದ ಬಂಡೆ ತೋರಿಸಿದೆ. ಹುಡುಗಿ ಎರಡು ಸಲ ಬೇಡವೆಂದಳು, ನಾನು ಮೂರು ಸಲ ಬೇಕೆಂದೆ. ಕಾಂಕ್ರೀಟು ಹಾಕಿ ಕಂಬ ನಿಲ್ಲಿಸಿದರು. ನೆಟ್‌ವರ್ಕೆಂದರೆ ನೆಟ್‌ವರ್ಕು! ತಳದಲ್ಲಿ ಯಾರಾದರೂ ಕೆಮ್ಮಿದರೆ ಗದಗಿಗೆ ಕೇಳಬೇಕು. ಹತ್ತು ಮಾರು ದೂರದಲ್ಲಿದ್ದ ಚಹಾದವನಿಗೂ ನಾನು ಫೋನ್ ಮಾಡಿಯೇ ಚಹಾ ಹೇಳತೊಡಗಿದೆ.

ಮೂರು ತಿಂಗಳಾಗಿರಬೇಕು. ಸಾವ್ಕಾರರ ಫೋನ್ ಬಂತು. ಲಕ್ಷ್ಮೇಶ್ವರದ ಒಂದು ಕಲ್ಯಾಣ ಮಂಟಪದ ಮೆಟ್ಟಿಲಿಗೆ ಒಡಕಿಲ್ಲದ ಉದ್ದನೆಯ ಕಲ್ಲು ಬೇಕಂತೆ. "ಆ ನೆತ್ತಿಗಲ್ಲು ತಗದಬಿಡು ಮೇಸ್ತ್ರಿ" ಎಂದರು. ನಾನು ಆಗ ಆ ಕಲ್ಲಿನ ಮೇಲೆಯೇ, ಕಂಬಕ್ಕೆ ಒರಗಿ ನಿಂತಿದ್ದೆ. ಕಲ್ಲು ತೆಗೆದರೆ ಕಂಬ ಹೋಯಿತು, ಕಂಬ ಹೋದರೆ ಹೊಸ ಗಣಿಯೂ ಹೋಯಿತು. ಗಣಿಯಲ್ಲಿ ಮೊದಲು ಕಡಿಯುವುದೇ ಒಳ್ಳೆಯ ಕಲ್ಲನ್ನು. ಇಷ್ಟು ವರ್ಷ ನಾನೇ ಕಡಿಸಿದ್ದೇನೆ. ಕಂಬ ನೆಡುವಾಗ ಮಾತ್ರ ಅದು ತಲೆಗೆ ಹೊಳೆಯಲಿಲ್ಲ.

ಜೀವಮಾನದಲ್ಲಿ ಮೊದಲ ಸಲ ಒಳ್ಳೆಯ ಕಲ್ಲಿನ ಮೇಲೆ ಚಾಡಿ ಹೇಳಿದೆ. "ಸಾವ್ಕಾರ್ರ, ಒಳಗ ಒಡಕೈತ್ರಿ ಇದಕ್ಕ."

ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಬೆಟಗೇರಿಯ ಇಮಾಮಸಾಬನಿಗೆ ಇದು ಕೇಳಿಬಿಟ್ಟಿತು. ಕಲ್ಲು ಒಡೆಯುವುದರಲ್ಲಿ ನನಗಿಂತ ಹಿರಿಯ. ತನ್ನನ್ನು ಬೈದರೆ ನಕ್ಕಾನು, ಕಲ್ಲನ್ನು ಬೈದರೆ ತಡೆದುಕೊಳ್ಳುವವನಲ್ಲ. "ಯಾವ ಕಲ್ಲಿಗೆ ಒಡಕೋ ಮೇಸ್ತ್ರಿ? ನಿನ್ನ ತಲಿಗಿರಬೇಕು" ಎಂದವನೇ ಸುತ್ತಿಗೆ ಎತ್ತಿ ಒಂದು ಕೊಟ್ಟ. ಒಡಕು ಕಲ್ಲಾದರೆ ದಬ್ ಎನ್ನಬೇಕು. ಇದು ಠಣ್ಣೆಂದಿತು.

"ಏನದು ಸಪ್ಪಳ?" ಎಂದರು ಸಾವ್ಕಾರರು.

"ಶಾಲಿ ಗಂಟಿರಿ. ಬಿಟ್ಟಿರಬೇಕು."

"ರವಿವಾರ ಶಾಲಿ?"

ಕಣ್ಣು ಮಿಟುಕಿಸಿದೆ, ಕೈ ಮುಗಿದೆ. ಇಮಾಮಸಾಬ ನನ್ನನ್ನು ನೋಡಿದರೆ ತಾನೇ! ಮತ್ತೆರಡು ಬಿಟ್ಟ. ಠಣ್, ಠಣ್.

ಸಾವ್ಕಾರರು ಸಾವಕಾಶ, "ಕಲ್ಲಂತೂ ಛಲೋ ಐತಿ. ನಾಳೆ ತಗೀರಿ. ನೆಟ್‌ವರ್ಕೂ ಛಲೋ ಐತಿ ಬಿಡು, ಕಿವ್ಯಾಗ ಬಾರಿಸಿಧಂಗಾತು. ಮತ್ತ ಕಂಬ ಆ ಕಲ್ಲಿನ ಮ್ಯಾಲ ನೆಡಸಿದಾಂವ ಯಾರು?" ಎಂದರು.

'ನನಗೆ ಬರುವುದಿಲ್ಲ' ಎಂದು ನಾನು ಎಂದೂ ಹೇಳಿದವನಲ್ಲ. ಅಂದು ಮಾತ್ರ ಬಾಯಿ ತಾನಾಗಿಯೇ ವಿನಯ ಕಲಿಯಿತು. "ಎಲ್ಲಾ ಆ ಎಂಜಿನಿಯರ್ ಬಾಯಾರ ಆರಿಸಿದ್ದರಿ. ನನಗೇನ ತಿಳೀತೈತಿ, ಶಾಲಿ ಬಿಟ್ಟಾಂವ."

"ಹೌದಾ? ನೆತ್ತಿಗಲ್ಲಿನ ಮ್ಯಾಲ ಬ್ಯಾಡ, ಗಾಲಿ ಕಂಬ ಬೇಕಂತ ಆಕಿ ನನಗ ಬರದ ಕೊಟ್ಟಾಳಲ್ಲೋ. ಹಂಗಾರ ಹೊಸಾ ಖಣಿ ಬಾಬತ್ತು ಇನ್ನ ಆಕಿನ್ನ ಕೇಳತೇನಿ" ಎಂದರು ಸಾವ್ಕಾರರು.

ಅದೂ ಒಂದಕ್ಷರ ಕಡಿಯದಂತೆ ಸ್ಪಷ್ಟವಾಗಿ ಕೇಳಿಸಿತು.